ಬೊಮ್ಮಸಂದ್ರಕ್ಕೆ ನಿಂತ ಮೆಟ್ರೊ, ಹೊಸೂರಿನವರ ಪ್ರಶ್ನೆಗಳು

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಬೆಂಗಳೂರು ಮೆಟ್ರೊದ್ದೇ. ಗಡಿಯ ಈಚೆ ತಮಿಳುನಾಡಿನ ಹೊಸೂರು, ಜೂಜುವಾಡಿ, ದೇಂಕಣಿಕೋಟೆ, ಆಚೆ ಕರ್ನಾಟಕದ ಚಂದಾಪುರ, ಎಲ್ಲ ಕಡೆಯಿಂದಲೂ ಬಂದಿವೆ. ಹಾಗಾಗಿ ಮಕ್ಕಳ ಓದು, ಪಟ್ಟಾ ತಕರಾರು, ಸೊಸೆ ಜಗಳ ಎಲ್ಲ ಮುಂದಿನ ತಿಂಗಳಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇಂಜಿನಿಯರ್ ಅಲ್ಲ. ಹೊಸೂರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವಳು. ಮಗಳ ಮನೆ ಜಯನಗರದಲ್ಲಿರುವುದರಿಂದ ಈ ದಾರಿ ನನಗೆ ಚೆನ್ನಾಗಿ ಗೊತ್ತು, ಅಷ್ಟೇ.

ಪ್ರಶ್ನೆ: ಟೀಚರ್, ನಮ್ಮದು ಬಾಗಲೂರು ರೋಡ್. ನಾನು ಜಯನಗರದಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಯೆಲ್ಲೊ ಲೈನ್ ಶುರುವಾದಾಗ ಇನ್ನು ನಮ್ಮ ಕಷ್ಟ ತೀರಿತು ಅಂದುಕೊಂಡೆ. ನಮ್ಮ ಮನೆಯವರು "ಅದು ಬೆಂಗಳೂರಿನವರಿಗೆ ಮಾಡಿದ್ದು, ನಮಗೆ ಬಸ್ಸೇ ಗತಿ" ಅಂತಾರೆ. ನಿಜವಾಗಿ ಹೊರಗಿನ ಊರಿನವರಿಗೆ ಈ ಲೈನಿನಿಂದ ಉಪಯೋಗ ಇದೆಯಾ? (ಓದುಗರು, ಹೊಸೂರು)

ನೋಡಮ್ಮ, ನಿಮ್ಮ ಮನೆಯವರು ಹೇಳುವುದರಲ್ಲಿ ಅರ್ಧ ಸರಿ. ನಿಮ್ಮ ವಿಷಯಕ್ಕೆ ಬಂದರೆ ಮಾತ್ರ ಉಳಿದ ಅರ್ಧ ಅನ್ವಯ ಆಗುತ್ತದೆ.

ಈ ಲೈನ್ ಆರ್.ವಿ. ರೋಡಿನಿಂದ ಬೊಮ್ಮಸಂದ್ರದ ತನಕ, 19 ಕಿಲೋಮೀಟರ್ ಚಿಲ್ಲರೆ, 16 ಸ್ಟೇಷನ್. 2025ರ ಆಗಸ್ಟ್ 10ಕ್ಕೆ ಪ್ರಧಾನಿ ಉದ್ಘಾಟಿಸಿದರು, ಮಾರನೇ ದಿನ ಜನರಿಗೆ ಬಿಟ್ಟರು. ಶುರುವಿನಲ್ಲಿ ಇದ್ದದ್ದು ಬರೀ 3 ರೈಲು, 25 ನಿಮಿಷಕ್ಕೊಂದು. ಹಳಿ, ಸ್ಟೇಷನ್ ಎಲ್ಲ ರೆಡಿಯಾಗಿ ರೈಲಿಗಾಗಿ ಕಾದು ಕೂತದ್ದು ನಿಮಗೂ ನೆನಪಿರಬೇಕು. ಆಮೇಲೆ ಒಂದೊಂದೇ ರೈಲು ಸೇರಿ ಕಾಯುವುದು ಕಡಿಮೆಯಾಯಿತು. ಬೊಮ್ಮಸಂದ್ರದಲ್ಲಿ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಆರ್.ವಿ. ರೋಡ್. ಅಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಜಯನಗರ. ಮೊದಲು ಸಿಲ್ಕ್ ಬೋರ್ಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕೈ ಒಡ್ಡಿ ನಿಲ್ಲುತ್ತಿದ್ದಿರಿ ಅಲ್ವಾ, ಆ ಗೋಳು ತಪ್ಪಿತು. ಜಯನಗರ, ಬಸವನಗುಡಿ, ಮಾರ್ಕೆಟ್, ಮೆಜೆಸ್ಟಿಕ್ ಕಡೆ ಹೋಗುವವರಿಗೆ ಮೆಟ್ರೊ ಲಾಭವೇ.

ಆದರೆ ಆಫೀಸ್ ಮಡಿವಾಳದ ಸುತ್ತ ಇದ್ದವರು ಬೊಮ್ಮಸಂದ್ರದಲ್ಲಿ ಇಳಿಯುವುದೇ ಬೇಡ. ಕೂತ ಬಸ್ಸಿನಲ್ಲೇ ಕೂತಿರಲಿ. ಬಸ್ಸು ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಹತ್ತಿದರೆ ಸಿಲ್ಕ್ ಬೋರ್ಡ್ ತನಕ ಸಲೀಸು. ಇಳಿದು, ಮೆಟ್ಟಿಲು ಹತ್ತಿ, ಬ್ಯಾಗ್ ಚೆಕ್ ಮಾಡಿಸಿ, ರೈಲಿಗೆ ಕಾದು, ಮತ್ತೆ ದುಡ್ಡು ಕೊಟ್ಟು ಹೋಗುವುದರಲ್ಲಿ ಉಳಿತಾಯ ಏನೂ ಇಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ: ಹೊರಗಿನ ಊರಿನವರಿಗೆ ಉಪಯೋಗ ಇದೆಯಾ? ಹೊರಗಿನ ಊರು ಅಂದರೆ ಯಾವುದು ಅಂತ ಮೊದಲು ಕೇಳಬೇಕು. ಹೊಂಗಸಂದ್ರ, ಸಿಂಗಸಂದ್ರ, ಹೆಬ್ಬಗೋಡಿ ಇವೆಲ್ಲ ನಾವು ಚಿಕ್ಕವರಿದ್ದಾಗ ಹಳ್ಳಿಗಳೇ. ಅಲ್ಲಿನವರಿಗೆ ಈ ಲೈನ್ ನಿಜಕ್ಕೂ ದಕ್ಕಿದೆ. 2010ರಲ್ಲಿ ಅದೇ ರಸ್ತೆ ಮೇಲೆ 10 ಕಿಲೋಮೀಟರಿನ ಮೇಲ್ಸೇತುವೆ ಆಯಿತಲ್ಲ, ಅದು ಬೊಮ್ಮನಹಳ್ಳಿಯವರ ತಲೆ ಮೇಲೆ ಹಾರಿಹೋಯಿತು. ಟೋಲ್ ಕೊಟ್ಟು ಕಾರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಮಾಡಿದ್ದು ಅದು. ಕೆಳಗಿದ್ದವರಿಗೆ ಸಿಕ್ಕಿದ್ದು ಕಂಬ, ಧೂಳು, ನೆರಳು. ಮೆಟ್ರೊ ಹಾಗಲ್ಲ. ಬೊಮ್ಮನಹಳ್ಳಿಯಲ್ಲಿ ನಿಲ್ಲುತ್ತದೆ, ಹೊಂಗಸಂದ್ರದಲ್ಲಿ ನಿಲ್ಲುತ್ತದೆ, ಕೂಡ್ಲು ಗೇಟಿನಲ್ಲಿ ನಿಲ್ಲುತ್ತದೆ. ಇಷ್ಟರ ಮಟ್ಟಿಗೆ ನಾನು ಮೆಟ್ರೊ ಕಡೆ.

ಅಲ್ಲಿಯ ಗಾರ್ಮೆಂಟ್ಸ್ ಹುಡುಗಿಯರು ಹತ್ತುತ್ತಾರಾ ಅಂತ ಕೇಳಿದರೆ ಮಾತ್ರ ನನ್ನ ಉತ್ತರ ಬೇರೆ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿಸಿದಾಗ 60 ರೂಪಾಯಿ ಇದ್ದ ಗರಿಷ್ಠ ಟಿಕೆಟ್ 90 ಆಯಿತು. ಹತ್ತಿರಕ್ಕೆ 10 ರೂಪಾಯಿ ಹೌದು, ಆದರೆ ಎರಡು ಕಿಲೋಮೀಟರ್ ದಾಟಿದರೆ ಮೀಟರ್ ಏರುತ್ತದೆ. ಸ್ಮಾರ್ಟ್ ಕಾರ್ಡ್ ಇದ್ದರೆ ನೂರಕ್ಕೆ 5 ರಿಯಾಯಿತಿ. ಕರ್ನಾಟಕದ ಹೆಣ್ಣುಮಗಳಿಗೆ ಕೆಳಗೆ ಬಸ್ಸು ಫ್ರೀ. ಅವಳು ಯಾಕೆ ಮೇಲೆ ಹತ್ತುತ್ತಾಳೆ, ನೀವೇ ಹೇಳಿ.

ಇನ್ನು ನಾವು, ಕೊನೇ ಸ್ಟೇಷನ್ನಿಂದಾಚೆ ಇರುವವರು. ನಮ್ಮ ತೊಂದರೆ ಮೆಟ್ರೊದಲ್ಲಿಲ್ಲ, ಬೊಮ್ಮಸಂದ್ರಕ್ಕೆ ಬಂದು ಸೇರುವುದರಲ್ಲಿದೆ. ಹೊಸೂರು ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಹದಿನೈದು ಕಿಲೋಮೀಟರ್ ಆಸುಪಾಸು. ರೋಡ್ ಖಾಲಿ ಇದ್ದರೆ ಅರ್ಧ ಗಂಟೆ. ಚಂದಾಪುರದ ಸಿಗ್ನಲ್ ಕಟ್ಟಿಕೊಂಡರೆ ದೇವರೇ ಗತಿ.

ಹೋದ ತಿಂಗಳು ಪಕ್ಕದ ಮನೆಯ ಅಜ್ಜಿಯನ್ನು ಜಯದೇವ ಆಸ್ಪತ್ರೆಗೆ ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಎಂಟೆದೆಯ ಹೆಂಗಸು, ಆದರೆ ಮಂಡಿ ನೋವು. ಬಸ್ಸಿನ ಕಂಡಕ್ಟರ್ ಬೊಮ್ಮಸಂದ್ರ ಅಂದ ಕೂಡಲೇ ಮುಖ ಸಿಂಡರಿಸಿದ. ಸ್ಟೇಷನ್ ದಾಟಿ ಅಷ್ಟು ದೂರ ಹೋಗಿ ನಿಲ್ಲಿಸಿದ. ನಾವು ಸರ್ವಿಸ್ ರೋಡಿನಲ್ಲಿ ಹಿಂದಕ್ಕೆ ನಡೆದೆವು. ಒಂದು ಕಡೆ ಚರಂಡಿ ಚಪ್ಪಡಿ ಎದ್ದಿತ್ತು, ಇನ್ನೊಂದು ಕಡೆ ಸಾಲಾಗಿ ಬೈಕು. ಅಷ್ಟೂ ತಮಿಳುನಾಡು ನಂಬರ್, ಟಿಎನ್ 70. ನಮ್ಮೂರಿನ ಹುಡುಗರೇ, ಬೈಕಿಟ್ಟು ಮೆಟ್ರೊ ಹತ್ತಿದವರು. ಅಜ್ಜಿ ಒಂದೊಂದು ಬೈಕಿನ ಸೀಟು ಹಿಡಿದುಕೊಂಡೇ ನಡೆದರು. ಲಿಫ್ಟ್ ಹತ್ತಿ ಮೇಲೆ ಹೋದ ಮೇಲೆ ನೋಡಿ, ಬೇರೆ ಲೋಕ. ತಣ್ಣಗೆ ಏಸಿ, ಕೂರಲು ಸೀಟು. ಕೊನೇ ಸ್ಟೇಷನ್ ಆದ್ದರಿಂದ ಸೀಟು ಸಿಕ್ಕೇ ಸಿಗುತ್ತದೆ, ಅದೊಂದು ಭಾಗ್ಯ ನಮಗೆ. ಆಸ್ಪತ್ರೆ ಹೆಸರಿನ ಸ್ಟೇಷನ್ನಲ್ಲೇ ಇಳಿದೆವು. ಅಜ್ಜಿ ಹೇಳಿದ್ದು ಇಷ್ಟು: "ಮೇಲೆ ಬರೋತನಕ ಪ್ರಾಣ ಹೋಯ್ತು, ಮೇಲೆ ಬಂದ್ಮೇಲೆ ಡಾಕ್ಟರೇ ಬೇಡ ಅನ್ನಿಸ್ತು."

ಹಾಗಾಗಿ ನಿಮಗೆ ನನ್ನ ಸಲಹೆ: ಬೆಳಿಗ್ಗೆ ಹೋಗುವಾಗ ಮೆಟ್ರೊ, ಸಂಜೆ ಬರುವಾಗ ಯೋಚನೆ ಮಾಡಿ. ಸಂಜೆ ಬೊಮ್ಮಸಂದ್ರದಲ್ಲಿ ಇಳಿದು ಹೊಸೂರು ಬಸ್ಸಿಗೆ ನಿಂತರೆ, ಮೆಜೆಸ್ಟಿಕ್ಕಿನಿಂದಲೇ ತುಂಬಿ ಬಂದ ಬಸ್ಸು ಕೈ ತೋರಿಸಿದರೂ ನಿಲ್ಲುವುದಿಲ್ಲ. ಅಲ್ಲಿಂದಲೇ ಹೊರಡುವ ಬಸ್ಸು ಬೇಕು. ಅದರ ಬಗ್ಗೆ ಕೊನೇ ಪ್ರಶ್ನೆಗೆ ಹೇಳಿದ್ದೇನೆ.

ಪ್ರಶ್ನೆ: ಮೇಡಂ, ಮೆಟ್ರೊವನ್ನು ಹೊಸೂರಿಗೆ ಎಳೆದರೆ ಲಾಭ ತಮಿಳುನಾಡಿಗೆ. ನಮ್ಮ ತೆರಿಗೆ ದುಡ್ಡು ಅಲ್ಲಿಗೆ ಯಾಕೆ ಹೋಗಬೇಕು? ಅಲ್ಲೇ ಸೈಟ್ ತಗೊಂಡು, ಇಲ್ಲಿ ಕೆಲಸ ಮಾಡೋರು ಜಾಸ್ತಿ ಆಗ್ತಾರೆ. (ಓದುಗರು, ಚಂದಾಪುರ)

ಸ್ವಾಮಿ, ಕೋಪ ಅರ್ಥವಾಗುತ್ತದೆ. ಆದರೆ ಮ್ಯಾಪ್ ಒಂದು ಸಲ ನೋಡಿ. ಚೆನ್ನೈ ಮೆಟ್ರೊದವರು ಅಧ್ಯಯನ ಮಾಡಿಸಿದ ದಾರಿ ಬೊಮ್ಮಸಂದ್ರದಿಂದ ಹೊಸೂರಿಗೆ ಸುಮಾರು 23 ಕಿಲೋಮೀಟರ್. ಅದರಲ್ಲಿ ಅರ್ಧದಷ್ಟು ಕರ್ನಾಟಕದಲ್ಲೇ ಇದೆ. ಆ ಅರ್ಧದಲ್ಲಿ ಮೊದಲು ಸಿಗುವುದು ನಿಮ್ಮ ಚಂದಾಪುರ, ಆಮೇಲೆ ಅತ್ತಿಬೆಲೆ. ಆನೇಕಲ್ಲಿನವರೆಲ್ಲ ಬಂದು ಕೂಡುವ ಜಾಗ ನಿಮ್ಮದು. ಹೊಸೂರಿಗೆ ಬೇಡ ಅಂದರೆ ನಿಮಗೂ ಬೇಡ ಅಂದ ಹಾಗೇ ಆಗುತ್ತದೆ.

ಎರಡನೇದು, ಜನ ಒಂದೇ ಕಡೆ ಹೋಗುತ್ತಿಲ್ಲ. ಹೊಸೂರಿನಲ್ಲಿ ಸಿಪ್ಕಾಟ್ ಇದೆ, ಅಂದರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಇವೆ, ಈಗ ಟಾಟಾದವರ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿ ಇದೆ. ಬೆಳಿಗ್ಗೆ ಅತ್ತಿಬೆಲೆ ಟೋಲ್ ಹತ್ತಿರ ನಿಂತು ನೋಡಿ. ಕಂಪನಿ ಬಸ್ಸುಗಳು ಎರಡೂ ಕಡೆಗೂ ಹೋಗುತ್ತಿರುತ್ತವೆ. ನಿಮ್ಮ ಕಡೆಯ ಹುಡುಗರು ಎಷ್ಟೋ ಜನ ನಮ್ಮೂರಿನಲ್ಲಿ ದುಡಿಯುತ್ತಾರೆ.

ದುಡ್ಡಿನ ಮಾತು ನ್ಯಾಯವೇ. ಅದಕ್ಕೆ ದಾರಿ ಇದೆ. ಡೆಲ್ಲಿ ಮೆಟ್ರೊ 2009ರಲ್ಲಿ ಉತ್ತರ ಪ್ರದೇಶದ ನೋಯ್ಡಾಕ್ಕೆ ಹೋಯಿತು, 2010ರಲ್ಲಿ ಹರಿಯಾಣದ ಗುರಗಾಂವ್‌ಗೆ ಹೋಯಿತು. ಗಡಿ ದಾಟಿದ ಭಾಗಕ್ಕೆ ಆಯಾ ಕಡೆಯವರು ದುಡ್ಡು ಹಾಕಿದರು. ಇಲ್ಲೂ ತಮಿಳುನಾಡು ತನ್ನ ಪಾಲು ತಾನು ಹಾಕಲಿ. ಅದನ್ನು ಕೇಳುವುದು ಸರಿ. ಲೈನೇ ಬೇಡ ಅನ್ನುವುದು ಸರಿಯಲ್ಲ.

ಇನ್ನೊಂದು. 1956ರಲ್ಲಿ ರಾಜ್ಯ ವಿಂಗಡಣೆ ಆದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಹೊಸೂರು, ತಳಿ, ದೇಂಕಣಿಕೋಟೆಯಲ್ಲಿ ಇವತ್ತಿಗೂ ಮನೆಯಲ್ಲಿ ಕನ್ನಡ, ತೆಲುಗು ಆಡುವವರು ಎಷ್ಟೋ ಜನ ಇದ್ದೇವೆ. "ತಮಿಳುನಾಡಿನವರು" ಅಂತ ನೀವು ಹೇಳುವಾಗ ಅದರಲ್ಲಿ ನಾನೂ ಇದ್ದೇನೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಟೀಚರ್, ನಾನು ಪಾಲಿಟೆಕ್ನಿಕ್ ಓದುತ್ತಿದ್ದೇನೆ. ಕರೆಂಟ್ ಬೇರೆ ಬೇರೆ ಇರುವುದರಿಂದ ಹೊಸೂರು ಮೆಟ್ರೊ ಸಾಧ್ಯ ಇಲ್ಲ ಅಂತ ಪೇಪರಿನಲ್ಲಿ ಓದಿದೆ. ಇದು ನಿಜವಾದ ಕಾರಣವಾ, ಇಲ್ಲ ನೆಪವಾ? (ವಿದ್ಯಾರ್ಥಿ, ದೇಂಕಣಿಕೋಟೆ)

ಒಳ್ಳೆ ಪ್ರಶ್ನೆ ಮರಿ. ನಿನ್ನ ಮೇಷ್ಟ್ರನ್ನೂ ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಗೊತ್ತಿರುವುದು ಇಷ್ಟು.

ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ಡಿಸಿ ಕರೆಂಟಿನಲ್ಲಿ. ತಲೆ ಮೇಲೆ ತಂತಿ ಇರುವುದಿಲ್ಲ. ಹಳಿಯ ಪಕ್ಕದಲ್ಲೇ ಮೂರನೇ ಹಳಿ ಅಂತ ಒಂದು ಇರುತ್ತದೆ, ಅದರಿಂದ ಕರೆಂಟ್ ತೆಗೆದುಕೊಳ್ಳುತ್ತದೆ. ಹಳಿಗೆ ಇಳಿಯಬೇಡಿ ಅಂತ ಸ್ಟೇಷನ್ನಲ್ಲಿ ಬಡಿದುಕೊಳ್ಳುವುದು ಇದಕ್ಕೂ ಹೌದು. ಚೆನ್ನೈ ಮೆಟ್ರೊದ್ದು 25,000 ವೋಲ್ಟ್ ಎಸಿ, ಮೇಲಿನ ತಂತಿಯಿಂದ. ಹೊಸೂರು ಲೈನಿಗೂ ಅವರು ಅದನ್ನೇ ಹೇಳಿದರು. ಹೀಗಿರುವಾಗ ಆರ್.ವಿ. ರೋಡಿನಲ್ಲಿ ಹತ್ತಿದ ರೈಲು ಸೀದಾ ಹೊಸೂರಿಗೆ ಬರಲು ಆಗುವುದಿಲ್ಲ. ಬೆಂಗಳೂರು ಮೆಟ್ರೊದವರು 2025ರಲ್ಲಿ ಇದು ಹೊಂದುವುದಿಲ್ಲ ಅಂದದ್ದು ಈ ಕಾರಣಕ್ಕೆ. ಅಷ್ಟು ಮಾತು ನಿಜ.

ಆದರೆ ಜನರಿಗೆ ವೋಲ್ಟೇಜ್ ಇಲ್ಲವಲ್ಲ! ಬೊಮ್ಮಸಂದ್ರದಲ್ಲಿ ಇಳಿದು ಎದುರಿನ ರೈಲಿಗೆ ಹತ್ತಿದರೆ ಆಯಿತು. ಆರ್.ವಿ. ರೋಡಿನಲ್ಲಿ, ಮೆಜೆಸ್ಟಿಕ್ಕಿನಲ್ಲಿ ದಿನಾ ಜನ ಹಾಗೇ ಬದಲಾಯಿಸುತ್ತಾರೆ. ಡೆಲ್ಲಿಯಲ್ಲಂತೂ ಹಳೇ ಲೈನುಗಳ ಹಳಿಯ ಅಗಲವೇ ಬೇರೆ, ಹೊಸ ಲೈನುಗಳದ್ದೇ ಬೇರೆ. ಒಂದರ ರೈಲು ಇನ್ನೊಂದರ ಮೇಲೆ ಹೋಗುವುದಿಲ್ಲ. ಯಾರೂ ಅಳುತ್ತಾ ಕೂತಿಲ್ಲ. ಇಲ್ಲವೇ, ಹೊಸ ಲೈನನ್ನೇ 750 ವೋಲ್ಟಿಗೆ ಮಾಡಬಹುದು, ಅದೇನು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಕಾರಣ ನಿಜ, ಆದರೆ ಅಷ್ಟೇ ಕಾರಣಕ್ಕೆ ಲೈನ್ ನಿಲ್ಲಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಎರಡು ಸರ್ಕಾರಗಳು ಒಂದು ಟೇಬಲ್ಲಿಗೆ ಕೂತರೆ ಇಂಜಿನಿಯರುಗಳು ದಾರಿ ಹುಡುಕುತ್ತಾರೆ. ಕೂರುವುದೇ ಕಷ್ಟ.

ಪ್ರಶ್ನೆ: ಮೆಟ್ರೊ ಬರುತ್ತೆ ಅಂತ ಹೇಳಿ ಹೊಸೂರು ಹತ್ತಿರ ಒಂದು ಲೇಔಟಿನಲ್ಲಿ ಸೈಟ್ ತೋರಿಸುತ್ತಿದ್ದಾರೆ. ಬ್ರೋಷರಿನಲ್ಲಿ ಸ್ಟೇಷನ್ ಚಿತ್ರವೂ ಇದೆ. ತಗೊಳ್ಳಲಾ? (ಓದುಗರು, ಕುಪ್ಪಂ)

ಬೇಡ. ಸೈಟ್ ಚೆನ್ನಾಗಿದ್ದರೆ, ಪಟ್ಟಾ ಸರಿ ಇದ್ದರೆ, ನೀರಿದ್ದರೆ ತಗೊಳ್ಳಿ. ಮೆಟ್ರೊಗೋಸ್ಕರ ಬೇಡ. ಬ್ರೋಷರಿನ ಸ್ಟೇಷನ್ನಲ್ಲಿ ರೈಲು ನಿಲ್ಲುವುದಿಲ್ಲ.

ಪ್ರಶ್ನೆ: ಅಕ್ಕ, ನಾನು ಜೂಜುವಾಡಿಯವಳು, ಹೆಬ್ಬಗೋಡಿಯಲ್ಲಿ ಕೆಲಸ. ನನ್ನ ಜೊತೆ ಕೆಲಸ ಮಾಡೋಳು ಅತ್ತಿಬೆಲೆಯವಳು. ಅವಳಿಗೆ ಬಸ್ ಫ್ರೀ, ನನಗೆ ದುಡ್ಡು. ಇಬ್ಬರ ಮನೆಗೂ ಇರೋ ದೂರ ಹೆಚ್ಚೇನಿಲ್ಲ. ಇದು ಅನ್ಯಾಯ ಅಲ್ವಾ? (ಓದುಗರು, ಜೂಜುವಾಡಿ)

ಅನ್ಯಾಯ ಅಂತ ಅನ್ನಿಸುವುದು ಸಹಜ, ತಂಗಿ. ನಿಯಮ ಹೇಗಿದೆ ಹೇಳುತ್ತೇನೆ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾದಾ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅಲ್ಲಿ ಅಡ್ರೆಸ್ ಕೇಳುವುದಿಲ್ಲ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅದಕ್ಕೆ ಕರ್ನಾಟಕದ ಅಡ್ರೆಸ್ ಇರುವ ಗುರುತಿನ ಚೀಟಿ ಬೇಕು. ಹೀಗಾಗಿ ನಿನ್ನ ಗೆಳತಿ ನಮ್ಮೂರಿಗೆ ಬಂದು ಟೌನ್ ಬಸ್ಸು ಹತ್ತಿದರೆ ಅಲ್ಲೂ ಫ್ರೀ, ಅವಳೂರಿನಲ್ಲೂ ಫ್ರೀ. ನಿನಗೆ ಒಂದೇ ಕಡೆ.

ಮೆಟ್ರೊದಲ್ಲಿ ಇಬ್ಬರಿಗೂ ಒಂದೇ ದರ. ಅದಕ್ಕೇ ನಿನ್ನ ಗೆಳತಿ ಮೆಟ್ರೊ ಹತ್ತುವುದಿಲ್ಲ. ನೀನು ಹೆಬ್ಬಗೋಡಿಗೆ ಹೋಗುವವಳು, ಬೊಮ್ಮಸಂದ್ರದಿಂದ ಒಂದೇ ಸ್ಟೇಷನ್. ನೀನೂ ಹತ್ತಬೇಡ, ಬಸ್ಸಿನಲ್ಲೇ ಮುಂದಕ್ಕೆ ಹೋಗು. ಬಾಡಿಗೆಗೆ ಅತ್ತಿಬೆಲೆಗೆ ಮನೆ ಬದಲಾಯಿಸು ಅಂತ ಹೇಳುವವರು ಹೇಳುತ್ತಾರೆ. ಬಸ್ ಚಾರ್ಜಿಗೆ ಅಡ್ರೆಸ್ ಬದಲಾಯಿಸಿದರೆ ಆ ಕಡೆ ರೇಷನ್ ಕಾರ್ಡ್, ತಮಿಳುನಾಡು ಸರ್ಕಾರ ಹೆಂಗಸರಿಗೆ ತಿಂಗಳು ತಿಂಗಳು ಕೊಡುವ ಮಗಳಿರ್ ಉರಿಮೈ ದುಡ್ಡು ಎಲ್ಲ ಹೋಗುತ್ತದೆ. ಲೆಕ್ಕ ಹಾಕಿ ನೋಡು.

ಪ್ರಶ್ನೆ: ಮೆಟ್ರೊ ಬದಲು ಟ್ರಾಮ್ ಥರ ಸಣ್ಣ ಲೈಟ್ ರೈಲು ಹಾಕಿದರೆ ಸಾಕಲ್ಲವೇ? ಖರ್ಚೂ ಕಡಿಮೆ. (ಓದುಗರು, ಕೃಷ್ಣಗಿರಿ)

ಕೇಂದ್ರ ಸರ್ಕಾರ 2019ರಲ್ಲೇ ಮೆಟ್ರೊಲೈಟ್ ಅಂತ ಒಂದು ಮಾದರಿಗೆ ನಿಯಮ ಮಾಡಿದೆ. ಗಂಟೆಗೆ ಒಂದು ದಿಕ್ಕಿಗೆ 15,000 ಜನದ ತನಕ ಸಾಕು ಅನ್ನುವ ಊರುಗಳಿಗೆ ಅದು. ಹೊಸೂರು ಊರೊಳಗೆ, ಬಸ್‌ಸ್ಟ್ಯಾಂಡಿನಿಂದ ಸಿಪ್ಕಾಟ್‌ಗೆ ಅಂತಾದರೆ ಯೋಚನೆ ಮಾಡಬಹುದು. ಆದರೆ ಟ್ರಾಮ್ ಥರದ ರೈಲಿಗೆ ರಸ್ತೆ ಮೇಲೆ ಜಾಗ ಬಿಡಬೇಕು. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಲಾರಿಗೇ ಜಾಗ ಇಲ್ಲ. ಚಂದಾಪುರದಲ್ಲಿ ಆ ಟ್ರಾಮ್ ನಮ್ಮ ಬಸ್ಸಿನ ಹಿಂದೆ ನಿಂತಿರುತ್ತದೆ, ಅಷ್ಟೇ.

ಪ್ರಶ್ನೆ: ನಾನು ಹೊಸೂರಿನಿಂದ ಬೆಂಗಳೂರಿಗೆ ರೈಲಿನಲ್ಲೇ ಓಡಾಡಿ ನೌಕರಿ ಮುಗಿಸಿದವನು. ಎಲ್ಲರೂ ಮೆಟ್ರೊ ಮೆಟ್ರೊ ಅಂತಾರೆ. ಇರುವ ರೈಲಿನ ಬಗ್ಗೆ ಯಾರೂ ಮಾತಾಡಲ್ಲ ಯಾಕೆ? ಕೊನೆಗೆ ನಾವು ಯಾರಿಗೆ ಅರ್ಜಿ ಕೊಡಬೇಕು? (ಹಿರಿಯ ಓದುಗರು, ಹೊಸೂರು)

ನೀವು ಬರೆದಿದ್ದಕ್ಕೆ ತುಂಬಾ ಸಂತೋಷ. ನಾನು ಹೇಳಬೇಕು ಅಂದುಕೊಂಡಿದ್ದೂ ಇದನ್ನೇ.

ಹೊಸೂರಿಗೆ ರೈಲು ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮೊರಪ್ಪೂರು, ಧರ್ಮಪುರಿ ಕಡೆಯಿಂದ ಪುಟ್ಟ ನ್ಯಾರೋಗೇಜ್ ರೈಲು ಬರುತ್ತಿತ್ತು, ಎರಡನೇ ಮಹಾಯುದ್ಧದ ಹೊತ್ತಿಗೆ ಅದು ನಿಂತುಹೋಯಿತು. ಈಗಿರುವುದು ಬೆಂಗಳೂರು–ಸೇಲಂ ಲೈನು. ಹೊಸೂರು ಬಿಟ್ಟರೆ ಆನೇಕಲ್ ರೋಡ್, ಹೀಲಲಿಗೆ, ಕಾರ್ಮೆಲರಾಂ, ಬೆಳ್ಳಂದೂರು ರೋಡ್, ಬೈಯಪ್ಪನಹಳ್ಳಿ. ನೋಡಿ, ಈಗ ಕೆಲಸ ಇರುವ ಜಾಗಗಳೇ ಇವು. ಬೆಳ್ಳಂದೂರಿಗೆ ಮೆಟ್ರೊದಲ್ಲಿ ಹೋಗಬೇಕಾದರೆ ಸಿಲ್ಕ್ ಬೋರ್ಡಿನಲ್ಲಿ ಇಳಿದು ಮತ್ತೆ ಹೊರವರ್ತುಲ ರಸ್ತೆಯ ಜಾತ್ರೆಗೆ ಬೀಳಬೇಕು. ರೈಲು ಆ ಕಡೆಯೇ ಹೋಗುತ್ತದೆ. ಗಡಿಯಲ್ಲಿ ಯಾರೂ ಅದನ್ನು ನಿಲ್ಲಿಸಿ ಅಡ್ರೆಸ್ ಕೇಳುವುದಿಲ್ಲ. ತಿಂಗಳ ಸೀಸನ್ ಟಿಕೆಟ್ ತೆಗೆದರೆ ಬಸ್ಸು, ಮೆಟ್ರೊ ಯಾವುದೂ ಅದರ ಹತ್ತಿರ ಬರುವುದಿಲ್ಲ.

ಕೊರತೆ ಒಂದೇ, ಸಾಕಷ್ಟು ರೈಲಿಲ್ಲ. ಒಂಟಿ ಹಳಿ ಇರುವ ಕಡೆ ಎದುರಿನ ರೈಲಿಗೆ ದಾರಿ ಬಿಟ್ಟು ನಿಲ್ಲುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೈಯಪ್ಪನಹಳ್ಳಿಯಿಂದ ಹೊಸೂರಿಗೆ 48 ಕಿಲೋಮೀಟರ್ ಜೋಡಿ ಹಳಿಯ ಕೆಲಸವನ್ನು ಕರ್ನಾಟಕ ಸರ್ಕಾರ, ರೈಲ್ವೆ ಎರಡೂ ಸೇರಿ ಮಾಡಿದ ಕೆ-ರೈಡ್ ಕಂಪನಿ ಕೈಗೆ ಕೊಟ್ಟಿದ್ದಾರೆ. ಅದೇ ಕೆ-ರೈಡ್ ಬೆಂಗಳೂರಿನ ಉಪನಗರ ರೈಲನ್ನೂ ಕಟ್ಟುತ್ತಿದೆ. ಅದಕ್ಕೆ 2022ರ ಜೂನಿನಲ್ಲಿ ಅಡಿಗಲ್ಲು ಹಾಕಿದರು. ಅದರ ಕನಕ ಲೈನು ರಾಜಾನುಕುಂಟೆಯಿಂದ ಹೀಲಲಿಗೆಗೆ ಬಂದು ನಿಲ್ಲುತ್ತದೆ. ಅದನ್ನು ಇನ್ನಷ್ಟು ದೂರ, ನಮ್ಮೂರಿನ ತನಕ ತನ್ನಿ ಅನ್ನುವುದು ಹಳೇ ಬೇಡಿಕೆ. ನನ್ನನ್ನು ಕೇಳಿದರೆ ಹೊಸೂರಿನವರು ಮೆಟ್ರೊಗಿಂತ ಮೊದಲು ಹಿಡಿದು ಕೂರಬೇಕಾದದ್ದು ಇದನ್ನೇ. ಹೊಸದಾಗಿ ಕಂಬ ನೆಡುವ ಗೋಜಿಲ್ಲ, ಎರಡು ರಾಜ್ಯದ ಮೆಟ್ರೊ ಕಂಪನಿಗಳ ಹಗ್ಗಜಗ್ಗಾಟ ಇಲ್ಲ. ಹಳಿ ರೈಲ್ವೆಯದು, ಅಂದರೆ ಕೇಂದ್ರದ್ದು.

ಇದೂ ನಾಳೆ ಆಗುವ ಕೆಲಸವಲ್ಲ. ನಾಳೆಗೇ ಆಗಬೇಕಾದದ್ದು ಬಸ್ಸು. ಹೊಸೂರು ಬಸ್‌ಸ್ಟ್ಯಾಂಡಿನಿಂದ ಬೊಮ್ಮಸಂದ್ರ ಮೆಟ್ರೊಗೆ, ಅಲ್ಲೇ ತಿರುಗಿ ವಾಪಸ್ ಬರುವ ಬಸ್ಸು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರಿಂದ ಒಂಬತ್ತು ಇದ್ದರೂ ಸಾಕು. ಇದಕ್ಕೆ ಅಡ್ಡಿ ಒಂದೇ. ರಾಜ್ಯದ ಗಡಿ ದಾಟುವ ಬಸ್ಸಿಗೆ ಎರಡೂ ರಾಜ್ಯದ ಒಪ್ಪಂದ ಬೇಕು. ಯಾವ ದಾರಿ, ದಿನಕ್ಕೆ ಎಷ್ಟು ಟ್ರಿಪ್ ಎಲ್ಲ ಅದರಲ್ಲಿ ಬರೆದಿರಬೇಕು. ಟೌನ್ ಬಸ್ಸು ಇನ್ನು ನಾಲ್ಕು ಸ್ಟಾಪ್ ಮುಂದೆ ಹೋಗಲಿ ಅಂತ ಡಿಪೊ ಮ್ಯಾನೇಜರ್ ತಾವಾಗಿ ಹೇಳುವ ಹಾಗಿಲ್ಲ. ಆಟೊಗಳ ಕಥೆಯೂ ಅಷ್ಟೇ, ಪರ್ಮಿಟ್ ಇಲ್ಲ ಅಂತ ಗಡಿಯಲ್ಲೇ ಇಳಿಸುತ್ತಾರೆ.

ಅಷ್ಟು ಆಗುವ ತನಕ, ಈಗಾಗಲೇ ಓಡುತ್ತಿರುವ ಹೊಸೂರು–ಬೆಂಗಳೂರು ಬಸ್ಸುಗಳು ಬೊಮ್ಮಸಂದ್ರ ಸ್ಟೇಷನ್ ಮೆಟ್ಟಿಲ ಹತ್ತಿರವೇ ನಿಲ್ಲಬೇಕು ಅಂತ ಒಂದು ಆದೇಶ ಸಾಕು. ಅದಕ್ಕೆ ಒಪ್ಪಂದವೂ ಬೇಡ, ದುಡ್ಡೂ ಬೇಡ.

ಅರ್ಜಿ ಎರಡು ಬರೆಯಿರಿ. ತಮಿಳುನಾಡು ಸಾರಿಗೆ ನಿಗಮದಲ್ಲಿ ಹೊಸೂರು ಬರುವುದು ಸೇಲಂ ವಿಭಾಗದ ಧರ್ಮಪುರಿ ಮಂಡಲಕ್ಕೆ. ಅಲ್ಲಿಗೆ ತಮಿಳಿನಲ್ಲೇ ಬರೆಯಿರಿ, ಬೇಗ ಓದುತ್ತಾರೆ. ಬೆಂಗಳೂರಿಗೆ ಕನ್ನಡದಲ್ಲಿ, ಬಿಎಂಟಿಸಿಗೆ ಒಂದು, ಮೆಟ್ರೊ ನಿಗಮಕ್ಕೆ ಅದರದ್ದೇ ಒಂದು ಪ್ರತಿ. ಹೊಸೂರು ಮಹಾನಗರ ಪಾಲಿಕೆಯ ನಿಮ್ಮ ವಾರ್ಡಿನ ಸದಸ್ಯರ ಸಹಿ ಹಾಕಿಸಿ. ಆಫೀಸಿಗೆ ಹೋಗುವ ಹುಡುಗ ಹುಡುಗಿಯರಿಂದ ಸಹಿ ಹಾಕಿಸುವಾಗ ಹೆಸರಿನ ಮುಂದೆ ಎಲ್ಲಿ ಹತ್ತುತ್ತಾರೆ, ಎಷ್ಟು ಗಂಟೆಗೆ, ಎಲ್ಲಿ ಇಳಿಯುತ್ತಾರೆ ಅಂತ ಬರೆಸಿ. ಬರೀ ಸಹಿ ಇದ್ದರೆ ಫೈಲಿನಲ್ಲಿ ಮಲಗುತ್ತದೆ. ಟೈಮ್ ಬರೆದಿದ್ದರೆ ಟ್ರಿಪ್ ಶೀಟ್ ಮಾಡುವವರಿಗೆ ಕೆಲಸಕ್ಕೆ ಬರುತ್ತದೆ. ಬರೆದುಕೊಡುವವರು ಯಾರೂ ಸಿಗದಿದ್ದರೆ ತಮಿಳು ಅರ್ಜಿ ನನ್ನ ಹತ್ತಿರ ತನ್ನಿ, ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ.